ಬಿಕ್ಕಲಂ

ನಲವತ್ತೊಂದು ವರ್ಷ ನಾನು ಬರೆದದ್ದು ಪತ್ರ:
ಕ್ರಯ, ಭೋಗ್ಯ, ದಾನ, ಹಕ್ಕುಬಿಡುಗಡೆ.
ಕಾರವಾರದ ಕಚೇರಿಯೆದುರು, ಬಾದಾಮಿ ಮರದ ಬುಡದಲ್ಲಿ
ಒಂದು ಮೇಜು, ಒಂದು ಕೊಡೆ, ಮಸಿ ತಿಂದ ಬೆರಳು.
ಚಕ್ಕುಬಂದಿಯಲ್ಲಿ ‘ಪಶ್ಚಿಮಕ್ಕೆ ಸಮುದ್ರ’ ಎಂದು ಬರೆಯುವಾಗ
ಒಮ್ಮೆಯೂ ತಲೆಯೆತ್ತಿ ನೋಡಿದವನಲ್ಲ.
ಕೊನೆಗೆ ಎರಡು ಸಾಕ್ಷಿ. ಅದರ ಕೆಳಗೆ, ಸಣ್ಣಕ್ಷರದಲ್ಲಿ,
ಬಿಕ್ಕಲಂ: ಕಾಯ್ತಾನ್ ಫುರ್ಟಾಡೊ.

ನೌಕಾನೆಲೆಗೆಂದು ತೆರವಾದ ತೀರದಲ್ಲಿ
ನಮ್ಮಪ್ಪನ ಹೆಸರಿಗೆ ಇಪ್ಪತ್ತೆರಡು ಗುಂಟೆ.
ಪಹಣಿಯಲ್ಲಿ ಅಪ್ಪ; ಮರಳಿನಲ್ಲಿ ಬೀರ ಗೌಡ.
ಗೆಣಸು ಅವನದು, ಕಲ್ಲಂಗಡಿ ಅವನದು,
ಬಾವಿ ತೋಡಿದ ಬೆನ್ನು ಅವನದು.
ಅಪ್ಪ ಆ ನೆಲ ಮಾರಿದ್ದು ಬಾಯಿಮಾತಿನಲ್ಲಿ,
ಅಮ್ಮನ ಆಪರೇಶನ್ನಿನ ವರ್ಷ. ನಾನೇ ನೋಡಿದ್ದೇನೆ
ತೊಳೆದ ಪಂಜಿಯಲ್ಲಿ ಗಂಟು ಕಟ್ಟಿ ತಂದ ನೋಟು,
ಅದರ ಉಪ್ಪಿನ ವಾಸನೆ.
‘ಕಾಗದ ಆಮೇಲೆ ಮಾಡುವಾ’ ಅಂದಿದ್ದರು ಅಪ್ಪ.
ಆಮೇಲೆ ಇಬ್ಬರೂ ಸತ್ತರು.

ಹೋದ ವರ್ಷ ಕೋರ್ಟಿನಿಂದ ಹೆಚ್ಚುವರಿ ಪರಿಹಾರ ಬಂತು.
ಹೆಸರು ಸರಿ, ಸರ್ವೆ ನಂಬರು ಸರಿ, ವಾರಸು ಸರಿ.
ವಕೀಲರು ಕೈಕುಲುಕಿದರು: ‘ಕ್ಲೀನ್ ಕೇಸು, ಕಾಯ್ತಾನ್‌ಬಾಬ್.’
ಅಂದಿನಿಂದ ಪಾಸ್‌ಬುಕ್ ಇಟ್ಟ ಕಪಾಟಿನ ಬಾಗಿಲು
ರಾತ್ರಿ ತಾನಾಗಿ ತೆರೆದುಕೊಳ್ಳುತ್ತಿತ್ತು.
ಕೀಲು ಸಡಿಲ, ಅಂದಳು ಹೆಂಡತಿ.

ತಪಸ್ಸುಕಾಲದ ಶುಕ್ರವಾರ ಇಗರ್ಜಿಗೆ ಹೋದೆ.
ಜಾಲರಿಯಾಚೆ ಹೊಸ ಫಾದರ್, ನನ್ನ ಮಗನಿಗಿಂತ ಚಿಕ್ಕವರು.
‘ಯಾವ ಆಜ್ಞೆ ಮೀರಿದಿರಿ?’
ಬೆರಳು ಮಡಚಿ ಎಣಿಸಿದೆ, ಹತ್ತೂ.
ಕದ್ದಿಲ್ಲ. ಸುಳ್ಳುಸಾಕ್ಷಿ ಹೇಳಿಲ್ಲ,
ಹೇಳೆಂದು ನನ್ನನ್ನು ಯಾರೂ ಕೇಳಿಯೇ ಇಲ್ಲ.
ಪರರ ಸೊತ್ತು ಬಯಸಿಲ್ಲ; ಅದಾಗಿಯೇ ಬಂತು.
‘ಇದರಲ್ಲಿ ಕ್ಷಮಿಸುವಂಥದ್ದು ನನಗೇನೂ ಕಾಣುವುದಿಲ್ಲ’ ಎಂದರು.
ಸ್ವಲ್ಪ ಹೊತ್ತು ಬಿಟ್ಟು, ನಿಜಕ್ಕೂ ತಿಳಿಯದವರ ಹಾಗೆ:
‘ಹಾಗಾದರೆ ನೀವು ಬಂದದ್ದು ಯಾಕೆ?’

ಮೊಣಕಾಲು ನೋಯುತ್ತಿತ್ತು. ಹಿಂದೆ ಯಾರೋ
ಬೆಂಚು ಎಳೆಯುತ್ತಿದ್ದರು.
ಕಾನೂನಿಗೆ ಎರಡು ಸಾಕ್ಷಿ ಸಾಕು. ಎಷ್ಟೋ ಸಲ
ಚಹದಂಗಡಿಯಿಂದ ಯಾರನ್ನೋ ಕರೆದು ಸಹಿ ಹಾಕಿಸಿದ್ದೇನೆ.
ಮನಸ್ಸಾಕ್ಷಿಯೂ ಒಂದು ಸಾಕ್ಷಿಯೇ ಎಂಬುದು,
ಇಷ್ಟು ವರ್ಷ ಪದ ಬಾಯಲ್ಲೇ ಇದ್ದೂ,
ಹೊಳೆದದ್ದು ಆ ಜಾಲರಿಯ ಮುಂದೆ.
ಅದಕ್ಕೆ ಸಮನ್ಸಿಲ್ಲ, ಭತ್ಯೆಯಿಲ್ಲ;
ಕರೆಯದೆ ಬಂದು ಕೂತಿತ್ತು
ಗಂಟಿನ ಉಪ್ಪು ಮೂಸುತ್ತ.

ಬೀರ ಗೌಡನ ಸೋಮಿ ಸಿಕ್ಕಿದ್ದು ತೋಡೂರು ಕಾಲನಿಯಲ್ಲಿ,
ಬಸಳೆ ಚಪ್ಪರದ ಕೆಳಗೆ.
ಹಣದ ವಿಷಯ ಹೇಳಿದೆ. ಅಳಲಿಲ್ಲ, ಹರಸಲಿಲ್ಲ.
‘ಕಾಗ್ದ ಮಾಡ್ಕೊಡು’ ಅಂದಳು.
‘ನೀ ಸತ್ತಮೇಲೆ ನಿನ್ನ ಮಗ ಬಂದು ಕೇಳಿದ್ರೆ?
ಬಾಯಿಮಾತು ಸಾಕಾಗಿದೆ ನಂಗೆ.’

ಬರೆಯಲು ಕೂತೆ.
ದಾನಪತ್ರವೆಂದರೆ ಸುಳ್ಳು; ದಾನ ಮಾಡಲು ಅದು ನನ್ನದಲ್ಲ.
ಕ್ರಯವಲ್ಲ, ಅದು ಎಂದೋ ಆಗಿಹೋಗಿದೆ.
ಸಾಲದ ತೀರುವಳಿಯೂ ಅಲ್ಲ.
ನಲವತ್ತೊಂದು ವರ್ಷದ ನಮೂನೆಗಳಲ್ಲಿ
‘ನಿನ್ನದು ನಿನಗೆ’ ಎಂಬುದಕ್ಕೊಂದು ತಲೆಬರಹವಿಲ್ಲ.
ಮೇಲಿನ ಜಾಗ ಖಾಲಿ ಬಿಟ್ಟು
ನಡೆದದ್ದನ್ನು ನಡೆದ ಹಾಗೆ ಬರೆದೆ:
ಆಪರೇಶನ್ನು, ಪಂಜಿಯ ಗಂಟು, ‘ಆಮೇಲೆ’ ಎಂಬ ಮಾತು.
ಪಕ್ಕದ ಮನೆಯ ಹುಡುಗ, ಹಾಲಿನವನು: ಸಾಕ್ಷಿ ಎರಡು.
ರೆವಿನ್ಯೂ ಸ್ಟಾಂಪಿಗೆ ನೀರು ತರಲು ಎದ್ದಳು.
ಬೇಡವೆಂದು ನಾಲಿಗೆಗೇ ಒತ್ತಿಕೊಂಡೆ,
ಕ್ರಿಸ್‌ಮಸ್ಸಿನಿಂದೀಚೆ ಪರಮಪ್ರಸಾದಕ್ಕೆ ಚಾಚದ ನಾಲಿಗೆ.
ಗೋಂದು ಕಹಿ.

‘ಓದು’ ಅಂದಳು. ಓದಿದೆ.
‘ಕೆಳಗೆ ಸಣ್ಣದಾಗಿ ಅದೇನು?’
ಬರೆದವನ ಹೆಸರು, ಅಂದೆ.
‘ಅದನ್ನೂ ಓದು.’